ತಿಗಣೆ ಕಚ್ಚದ ಪ್ರೇಮಾನಂದ

ಹೆಮ್ಮಾಡಿಯಿಂದ ಪಡುವಕ್ಕೆ ಎರಡು ಮೈಲಿ ನಡೆದರೆ ಹೊಳೆಬಾಗಿಲು ಎಂಬ ಊರು. ಅಲ್ಲಿನ ಪಂಚಾಯತಿ ಲೈಬ್ರರಿಯನ್ನು ಇಪ್ಪತ್ತೆರಡು ವರ್ಷ ನಡೆಸಿದವರು ಪ್ರೇಮಾನಂದ. ನಡೆಸಿದರು ಅನ್ನುವುದಕ್ಕಿಂತ ಸಾಕಿದರು ಅಂದರೆ ಸರಿ. ಯಾರಾದರೂ ಪುಸ್ತಕದ ಹಾಳೆಯ ಮೂಲೆ ಮಡಚಿದರೆ ಅವರಿಗೆ ತಮ್ಮದೇ ಕಿವಿ ಹಿಂಡಿದಷ್ಟು ನೋವು. ಮಳೆಗಾಲದಲ್ಲಿ ಪುಸ್ತಕಗಳಿಗೆ ಥಂಡಿ ಆಗಬಾರದೆಂದು ಮನೆಯ ಕಂಬಳಿಗಳನ್ನು ತಂದು ಕಪಾಟಿನ ಮುಂದೆ ಇಳಿಬಿಡುತ್ತಿದ್ದರು. ಆ ನಾಲ್ಕು ತಿಂಗಳು ಅವರ ಹೆಂಡತಿ ಮಕ್ಕಳು ಗೋಣಿ ಹೊದ್ದು ಮಲಗುತ್ತಾರೆಂದು ಊರಲ್ಲಿ ಸುದ್ದಿ. ಗೋಣಿಯಲ್ಲ, ಹಳೆಯ ಚಾದರ ಎಂದು ಅವರ ಹೆಂಡತಿ ನೀರಿನ ಕಟ್ಟೆಯಲ್ಲಿ ಎರಡು ಸಲ ಸಮಜಾಯಿಷಿ ಕೊಟ್ಟರೂ ಜನ ಗೋಣಿಯನ್ನೇ ನಂಬಿದ್ದರು.

ಲೈಬ್ರರಿ ಅಂದರೆ ಒಂದೇ ಕೋಣೆ. ನಾಲ್ಕು ಕಪಾಟು, ಒಂದು ಉದ್ದ ಮೇಜು, ಶಾಲೆಯವರು ಬೇಡವೆಂದು ಕೊಟ್ಟ ಹನ್ನೊಂದು ಬೆತ್ತದ ಕುರ್ಚಿ. ಹನ್ನೆರಡನೆಯದು ಪ್ರೇಮಾನಂದರ ಸ್ವಂತದ್ದು. ಅದರ ಮೇಲೆ ತೊಂಬತ್ತೊಂಬತ್ತರ ದೀಪಾವಳಿಯಿಂದ ಒಂದು ಕೆಂಪು ಮಖಮಲ್ಲಿನ ದಿಂಬು ಬಂದು ಕೂತಿತ್ತು. ಮುಂಬೈಯಲ್ಲಿ ಕ್ಯಾಂಟೀನು ನೋಡಿಕೊಂಡಿದ್ದ ಅವರ ತಮ್ಮ ಸೋಮ, ಹಬ್ಬಕ್ಕೆ ರೈಲಿನಲ್ಲಿ ಬರುವಾಗ ತನ್ನ ರೂಮಿನಿಂದಲೇ ಎತ್ತಿಕೊಂಡು ಬಂದು, "ಅಣ್ಣಾ, ನಿಂಗೆ ಇಡೀ ದಿನ ಕೂಕಂಬುದ್ ಕೆಲ್ಸ, ಇದನ್ ಇಟ್ಕೊ" ಎಂದು ಕೊಟ್ಟದ್ದು. ಆ ದಿಂಬಿನ ಮೇಲೆ ಕೂತ ಮೇಲೆ ಪ್ರೇಮಾನಂದರು ಮಾತಾಡುವ ಶೈಲಿಯೇ ಸ್ವಲ್ಪ ಜಿಲ್ಲಾಧಿಕಾರಿಗಳ ಹಾಗೆ ಆಯಿತು.

ಇನ್ನು ಅವರ ಚರ್ಮದ ವಿಷಯ. ಹುಟ್ಟಿದಾಗಿನಿಂದ ಅವರ ಮೈಮೇಲೆ ಒಂದು ಬೊಕ್ಕೆ ಎದ್ದದ್ದಿಲ್ಲ. ಸಂಜೆ ಹೊತ್ತು ಗದ್ದೆಯ ಸೊಳ್ಳೆಗಳು ಊರಿನವರನ್ನೆಲ್ಲ ಎತ್ತಿಕೊಂಡು ಹೋಗಿ ಹಟ್ಟಿಯಂಗಡಿಯಲ್ಲಿ ಇಳಿಸುವಷ್ಟು ಇದ್ದಾಗಲೂ ಇವರು ಬರಿ ಮೈಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. "ನಂಗೆ ಎಂತದೂ ಕಚ್ಚುದಿಲ್ಲ ಮರ್ರೆ. ನನ್ ನೆತ್ರ್ ಕಹಿ" ಎನ್ನುವುದು ಅವರ ಒಂದೇ ಹೆಮ್ಮೆ. ಅದನ್ನು ಅವರು ಪದವಿಯ ಹಾಗೆ ಹೇಳಿಕೊಳ್ಳುತ್ತಿದ್ದರು.

ಆ ಲೈಬ್ರರಿಗೆ ದಿನವೂ ತಪ್ಪದೆ ಬರುತ್ತಿದ್ದವ ಸುಬ್ಬಣ್ಣ. ಅರವತ್ತರ ಹತ್ತಿರದ ಮೀನುಗಾರ. ನಲವತ್ತು ವರ್ಷ ದೋಣಿಯಲ್ಲಿ ಮೀನಿನ ಬಲೆ ಎಳೆದು, ಭುಜ ಹಿಡಿದುಕೊಂಡ ಮೇಲೆ ದಡಕ್ಕೆ ಬಂದವ. ಸಾಕ್ಷರತೆಯ ಕ್ಲಾಸು ಊರಿಗೆ ಬಂದಾಗ ಐವತ್ತೈದನೆಯ ವಯಸ್ಸಿನಲ್ಲಿ ಅಕ್ಷರ ಕಲಿತ. ತಡವಾಗಿ ಸಿಕ್ಕಿದ್ದನ್ನು ಜನ ಪೋಲು ಮಾಡುವುದಿಲ್ಲ. ಸುಬ್ಬಣ್ಣ ಪೇಪರು ಹಿಡಿದರೆ ಹೆಸರಿನಿಂದ ಹಿಡಿದು ಕೊನೆಯ ಪುಟದ ಅಡಿಯಲ್ಲಿ ಮುದ್ರಕರ ವಿಳಾಸದವರೆಗೆ, ಟೆಂಡರು ನೋಟೀಸು, ಶ್ರದ್ಧಾಂಜಲಿ, ಗದಗಿನ ಮೆಣಸಿನ ಧಾರಣೆ ಒಂದನ್ನೂ ಬಿಡದೆ, ಬೆರಳಿಟ್ಟು, ತುಟಿ ಅಲ್ಲಾಡಿಸಿ ಓದುತ್ತಿದ್ದ. ಒಂದು ದಿನದ ಪೇಪರಿಗೆ ಅವನಿಗೆ ಒಂದು ದಿನ ಪೂರಾ ಬೇಕು. ಪ್ರೇಮಾನಂದರು ಬೆಳಿಗ್ಗೆ ಬಾಗಿಲು ತೆಗೆದವರೇ ಮೊದಲು ತಾವೊಮ್ಮೆ ಕಣ್ಣು ಹಾಯಿಸಿ, ಆಮೇಲೆ ಒಂದು ಪೇಪರನ್ನು ಬೇರೆ ಯಾರಿಗೂ ಕೊಡದೆ ಸುಬ್ಬಣ್ಣನಿಗೆಂದು ತೆಗೆದಿಡುತ್ತಿದ್ದರು. ಸಿನಿಮಾ ಪುಟಕ್ಕೆಂದು ಬರುವ ರಿಕ್ಷಾದ ಕಿಟ್ಟ ಗೊಣಗುತ್ತಿದ್ದ: "ಸುಬ್ಬಣ್ಣ ಓದಿ ಮುಗ್ಸುದ್ರೊಳ್ಗೆ ಆ ಪಿಚ್ಚರ್ ಟಾಕೀಸಿಂದ ಹೋಯಿರತ್ತ್ ಮರ್ರೆ!"

ಎರಡು ಸಾವಿರದ ಇಸವಿ ಹುಟ್ಟುವ ಹೊತ್ತಿಗೆ ಲೈಬ್ರರಿಯಲ್ಲಿ ಒಬ್ಬೊಬ್ಬರೇ ಕೆರೆದುಕೊಳ್ಳಲು ಸುರು ಮಾಡಿದರು. ಮೊದಲು ಕಾದಂಬರಿ ಒಯ್ಯಲು ಬರುತ್ತಿದ್ದ ಸರಸ ಟೀಚರು, ಆಮೇಲೆ ಕಿಟ್ಟ. ಸೊಳ್ಳೆ ಎಂದರು, ಹೊಸ ಸೋಪು ಎಂದರು. ಸಂಕ್ರಾಂತಿ ಕಳೆದು ಸುಬ್ಬಣ್ಣ ಮುಂಬೈಯಲ್ಲಿದ್ದ ಮಗ ಶೈಲೇಶನ ರೂಮಿಗೆ ಹೋಗಿ ಒಂದು ತಿಂಗಳು ಇದ್ದು ಬಂದ. ಬಂದ ಮರುದಿನವೇ ಲೈಬ್ರರಿಗೆ ಹಾಜರು. ಅವನ ಚರ್ಮವೋ, ಉಪ್ಪು ನೀರಿನಲ್ಲಿ ನಲವತ್ತು ವರ್ಷ ಹದವಾದರೂ ಎಲ್ಲರಿಗಿಂತ ನಾಜೂಕು. ಸಂಪಾದಕೀಯ ಮುಟ್ಟುವುದರೊಳಗೆ ಅವನ ಮೊಣಕೈ ಮೇಲೆ ಪಡುಬಿದ್ರಿಯಿಂದ ಬೈಂದೂರಿನವರೆಗಿನ ನಕ್ಷೆ ಎದ್ದು ಬಂತು. ಅದೇ ವಾರ ಸರಸ ಟೀಚರು ತಂದು ಕೊಟ್ಟ ಕಾದಂಬರಿಯ ಬೆನ್ನಿನ ಬೈಂಡಿನ ಸಂದಿಯಿಂದ ಒಂದು ತಿಗಣೆ ಹೊರಗೆ ಬಂದು ಮೇಜಿನ ಮೇಲೆ, ಸದಸ್ಯತ್ವ ಕೇಳಲು ಬಂದವರ ಹಾಗೆ, ನಿಧಾನಕ್ಕೆ ನಡೆದು ಹೋಯಿತು.

ಪ್ರೇಮಾನಂದರು ಆ ರಾತ್ರಿ ಲೆಕ್ಕ ಹಾಕಿದರು. ತಿಗಣೆ ಇರುವುದು ಮುಂಬೈಯಲ್ಲಿ. ಮುಂಬೈಯಿಂದ ಬಂದವ ಸುಬ್ಬಣ್ಣ. ಎಲ್ಲರಿಗಿಂತ ಹೆಚ್ಚು ಕೆರೆದುಕೊಳ್ಳುವವ ಸುಬ್ಬಣ್ಣ. ಇನ್ನೆಂತ ಬೇಕು? ಫೆಬ್ರವರಿ ಇಪ್ಪತ್ನಾಲ್ಕರ ಬೆಳಿಗ್ಗೆ, ಹನ್ನೊಂದು ಕುರ್ಚಿಯೂ ತುಂಬಿದ್ದಾಗ, ಅವರು ಮಖಮಲ್ಲಿನ ದಿಂಬಿನ ಮೇಲೆ ಕೂತೇ ತೀರ್ಪು ಹೇಳಿದರು.

"ಸುಬ್ಬಣ್ಣ, ಬೇಜಾರ್ ಮಾಡ್ಕಣ್ಬೇಡಿ. ನೀವ್ ಮುಂಬೈಂದ ತಿಗಣಿ ತಕಂಡ್ ಬಂದಿರಿ. ನಾಳೆಂದ ಬಪ್ಪುದ್ ಬೇಡ."

ಸುಬ್ಬಣ್ಣನ ಬೆರಳು ಪೇಪರಿನ ಒಂದು ಸಾಲಿನ ನಡುವೆ ನಿಂತಿತು. "ನಾನಾ?" ಎಂದ.

"ನೀವೇ ಕಾಣಿ ಕೈ. ಇಡೀ ದಿನ ಕೆರ್ಕಂತಾ ಇದ್ರಿ."

"ನಾನ್ ಹೊರ್ಗೆ ಜಗ್ಲಿ ಮೇಲೆ ಕೂಕಂಡ್ ಓದ್ರೆ ಆತ್ತಾ ಮಾಷ್ಟ್ರೆ?"

"ಪೇಪರ್ ಮುಟ್ಟುಕಾಗ. ಮುಟ್ಟಿರೆ ಅದ್ರಲ್ಲೂ ಬತ್ತ್."

ಸುಬ್ಬಣ್ಣ ಪೇಪರನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದ, ಮೇಜಿನ ಮೇಲೆ ಇಟ್ಟ, ಎರಡೂ ಕೈಯನ್ನು ಪಂಚೆಯೊಳಗೆ ಅಡಗಿಸಿಕೊಂಡು ಹೊರಟುಹೋದ. ಬಾಗಿಲ ಮೇಲಿದ್ದ 'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡನ್ನು ಹೋಗುವಾಗಲೂ ತುಟಿ ಅಲ್ಲಾಡಿಸಿ ಓದಿಕೊಂಡು ಹೋದ.

ಅಪರಾಧಿ ಹೋದ ಮೇಲೆ ತಿಗಣೆಗಳು ಕಡಿಮೆಯಾಗಬೇಕಿತ್ತು. ಅವು ಪಾರ್ಟಿ ಬದಲಿಸದೆ ಅಲ್ಲೇ ನಿಂತವು. ನಿಂತದ್ದೇ ಅಲ್ಲ, ಬೆಳೆದವು. ಪ್ರೇಮಾನಂದರು ಸೀಮೆಎಣ್ಣೆ ಬಳಿದರು; ತಿಗಣೆ ಸಾಯಲಿಲ್ಲ, ಬೀಡಿ ಸೇದುವವರು ಮಾತ್ರ ಹೆದರಿ ಬಿಟ್ಟರು. ಕುಂದಾಪುರದಿಂದ ಬಿಳಿ ಪುಡಿ ತಂದು ಎರಚಿದರು. ಓದುಗರಿಗೆ ಕೆಮ್ಮು ಹಿಡಿಯಿತು, ತಿಗಣೆಗಳು ಮುಖಕ್ಕೆ ಪೌಡರು ಹಾಕಿಕೊಂಡು ಓಡಾಡಿದವು. ಕುರ್ಚಿಯ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಗೆರಟೆಯಲ್ಲಿ ಇಟ್ಟರು. ಹತ್ತುವ ದಾರಿ ಬಂದಾದರೆ ಇಳಿಯುವ ದಾರಿ ಇದೆಯಲ್ಲ? ಅವು ಮಾಡು ಹತ್ತಿ, ಕೆಳಗೆ ಯಾರ ತಲೆ ಬೋಳು ಎಂದು ನೋಡಿ, ಅಲ್ಲಿಗೇ ಇಳಿಯುತ್ತಿದ್ದವು ಎಂದು ಕಿಟ್ಟ ಆಣೆ ಮಾಡಿ ಹೇಳುತ್ತಾನೆ. ಮಾರ್ಚ್ ನಡುವಿಗೆ ಓದುವವರೆಲ್ಲ ನಿಂತೇ ಓದುತ್ತಿದ್ದರು. ನಿಂತು ಓದುವವರು ಕಾಲು ಬದಲಿಸುತ್ತಾ, ತೊಡೆ ತಟ್ಟುತ್ತಾ ಇದ್ದದ್ದನ್ನು ಕಿಟಕಿಯಿಂದ ಕಂಡ ದಾರಿಹೋಕರು, ಒಳಗೆ ಯಕ್ಷಗಾನದ ಹೆಜ್ಜೆ ಕಲಿಸುತ್ತಾರೆ ಎಂದು ತಿಳಿದರು.

ಪ್ರೇಮಾನಂದರಿಗೆ ಮಾತ್ರ ಒಂದೂ ಬೊಕ್ಕೆ ಇಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆಗೆದು ಪೇಪರು ಬಿಡಿಸುವಾಗ ಒಂದನ್ನು ಎತ್ತಿಡುವ ಅಭ್ಯಾಸದಿಂದ ಕೈ ಅದಾಗಿಯೇ ಮೂಲೆಯ ಕುರ್ಚಿಯ ಕಡೆಗೆ ಹೋಗುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಗದಗಿನ ಮೆಣಸಿನ ಧಾರಣೆಯನ್ನು ಇಡೀ ತಾಲೂಕಿನಲ್ಲಿ ಯಾರೂ ಓದದೆ ಅದು ಹಾಗೇ ಹಳೆಯದಾಗುತ್ತಿತ್ತು.

ಮಾರ್ಚ್ ಕೊನೆಯ ವಾರ ಹಳೆ ಪೇಪರು ಜೋಡಿಸಲು ಕೂತಾಗ ಅವರ ಕಣ್ಣಿಗೆ ಒಂದು ಬಿತ್ತು. ಪೇಪರಿನ ಅಂಚುಗಳಲ್ಲಿ ಅಲ್ಲಲ್ಲಿ ಕಂದು ಕಲೆ. ಹರಿದಾಡಿದ್ದು ಏನೆಂದು ನೋಡದೆ ಓದುವವರು ಪುಟದಲ್ಲೇ ಒತ್ತಿ ಸಾಯಿಸಿದ ತಿಗಣೆಯ ಗುರುತು. ಲೈಬ್ರರಿಯ ತಿಗಣೆಗೆ ಮಾತ್ರ ಸಿಗುವ ಭಾಗ್ಯ ಅದು, ಸತ್ತ ತಾರೀಖು ಅಚ್ಚಾಗಿರುತ್ತದೆ. ಪ್ರೇಮಾನಂದರು ಹಿಂದಕ್ಕೆ ಹಿಂದಕ್ಕೆ ಹೋದರು. ಮಾರ್ಚಿನಲ್ಲಿ ಪುಟಕ್ಕೆ ನಾಲ್ಕು. ಫೆಬ್ರವರಿಯಲ್ಲಿ ಎರಡು. ಜನವರಿಯಲ್ಲಿ, ಸುಬ್ಬಣ್ಣ ಮುಂಬೈಯಲ್ಲಿದ್ದಾಗ, ಒಂದೊಂದು. ಡಿಸೆಂಬರಿನಲ್ಲೂ ಇತ್ತು. ಎಲ್ಲಕ್ಕಿಂತ ಹಿಂದಿನ ಕಲೆ ನವೆಂಬರ್ ಇಪ್ಪತ್ಮೂರರದ್ದು. ಆಗ ಸುಬ್ಬಣ್ಣ ಮುಂಬೈ ರೈಲಿನ ಕೂಗನ್ನು ದೂರದಿಂದ ಕೇಳಿದ್ದ, ಅಷ್ಟೇ.

ನವೆಂಬರಿನಲ್ಲಿ ಮುಂಬೈಯಿಂದ ಲೈಬ್ರರಿಗೆ ಬಂದ ವಸ್ತು ಒಂದೇ. ಅದರ ಮೇಲೆ ಅವರು ಕೂತಿದ್ದರು.

ಎದ್ದರು. ದಿಂಬನ್ನು ಎರಡೇ ಬೆರಳಿನಲ್ಲಿ ಹಿಡಿದು ಅಂಗಳಕ್ಕೆ ತಂದು, ಬಿಳಿ ಪಂಚೆ ಹಾಸಿ, ಅದರ ಮೇಲಿಟ್ಟು ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ಹೊಲಿಗೆಯ ಗುಂಟ ಸಾಸಿವೆ ಒಗ್ಗರಣೆ ಹಾಕಿದ ಹಾಗೆ ಕಪ್ಪು ಚುಕ್ಕಿ, ಅಕ್ಕಿ ನುಚ್ಚಿನಂಥ ಮೊಟ್ಟೆ, ಒಳಗೆ ಹೊಟ್ಟೆ ತುಂಬಿದ ತಿಗಣೆಗಳ ಮೂರು ತಲೆಮಾರು. ಐದು ತಿಂಗಳು ಅವು ಅವರ ಕಹಿ ನೆತ್ತರನ್ನೇ ಕುಡಿದು ಸಂಸಾರ ನಡೆಸಿದ್ದವು. ಅವರ ಚರ್ಮ ಮಾತ್ರ ಒಂದು ಮಾತೂ ಹೇಳಿರಲಿಲ್ಲ. ಪ್ರೇಮಾನಂದರು ಅಲ್ಲೇ ದಿಂಬಿಗೆ ಬೆಂಕಿ ಕೊಟ್ಟು, ಪಂಚೆಯನ್ನೂ ಅದಕ್ಕೇ ಹಾಕಿ, ಅದು ಬೂದಿಯಾಗುವವರೆಗೆ ನಿಂತರು. ಆಮೇಲೆ ಸುಬ್ಬಣ್ಣನ ಮನೆಗೆ ಹೊರಟರು.

ಮನೆಯೆದುರು ಮೀನು ಒಣಗಿಸುವ ಅಂಗಳ. ಸುಬ್ಬಣ್ಣನ ಹೆಂಡತಿ ಜಲಜಕ್ಕ ತಲೆಗೆ ಬೈರಾಸು ಸುತ್ತಿಕೊಂಡು ಕಪ್ಪು ಟರ್ಪಾಲಿನ ಮೇಲೆ ಶೆಟ್ಲಿ ಎಂಬ ಸಣ್ಣ ಸಿಗಡಿ ಹರಡುತ್ತಿದ್ದಳು. ಪ್ರೇಮಾನಂದರನ್ನು ಕಂಡ ಸುಬ್ಬಣ್ಣ ಜಗಲಿಯಿಂದ ಎದ್ದು ಹಿತ್ತಲಿಗೆ ಹೋದ.

"ಹ್ವಾಯ್ ಮಾಷ್ಟ್ರೆ, ದೂರ ನಿಲ್ಲಿ. ನಮ್ಮಲ್ಲಿ ತಿಗಣಿ ಇತ್ತಂಬ್ರಲೆ" ಎಂದಳು ಜಲಜಕ್ಕ, ತಲೆ ಎತ್ತದೆ.

"ಜಲಜಕ್ಕ, ತಪ್ಪ್ ನಂದ್. ನನ್ ದಿಂಬಲ್ಲೇ ಇದ್ದಿತ್."

"ನಂಗ್ ಅವತ್ತೇ ಗೊತ್ತಿತ್. ಕೆರ್ಕಂಬವ ಕಚ್ಚಿಸ್ಕಂಡವ. ತಂದವ ಅಂತ ಹೇಂಗ್ ಆತ್ತ್ ಮಾಷ್ಟ್ರೆ? ಅಷ್ಟ್ ಪುಸ್ತಕ ಇಟ್ಕಂಡ್ ಕೂತಿರಿ, ಒಂದ್ರಲ್ಲೂ ಬರ್ದಿರ್ಲಿಲ್ಯಾ?"

ಪ್ರೇಮಾನಂದರು ಬಗ್ಗಿ, ಮಣ್ಣಿಗೆ ಬಿದ್ದಿದ್ದ ಒಂದು ಶೆಟ್ಲಿಯನ್ನು ಹೆಕ್ಕಿ ಟರ್ಪಾಲಿಗೆ ಹಾಕಿದರು.

"ನಿಮ್ಗೆ ಗೊತ್ತಿತ್ತಾ," ಜಲಜಕ್ಕನ ಸ್ವರ ಇಳಿಯಿತು, "ಒಂದ್ ತಿಂಗ್ಳಾಯ್ತ್, ಮನೆಲಿ ಅಕ್ಷರ ಇಪ್ಪುದ್ ಒಂದೂ ಬಿಡ್ಲಿಲ್ಲ ಇವ್ರ್. ಅಕ್ಕಿ ಚೀಲ ಓದ್ರ್, ಮಾತ್ರೆ ಕಟ್ಟ್ ಓದ್ರ್, ಕ್ಯಾಲೆಂಡರಿನ ರಾಹುಕಾಲ ಪೂರ್ತಿ ಓದ್ರ್. ನಿನ್ನೆ ಬೆಂಕಿಪೆಟ್ಗಿ ಓದ್ತಾ ಇದ್ದಿರ್. 'ಸರಾಸರಿ ಐವತ್ ಕಡ್ಡಿ' ಅಂತ ಇತ್ತಂಬ್ರ್. ಎಣ್ಸಿ ಕಂಡ್ರ್. ನಲವತ್ತೇಳ್ ಇದ್ದಿತ್."

"ನಾನ್ ಈಗ್ಲೇ ಅವ್ರ್ ಹತ್ರ ಹೇಳ್ತೆ."

"ಹಿತ್ಲಲ್ಲಾ? ನೀವ್ ಬೈದದ್ದ್ ಹಿತ್ಲಲ್ಲಿ ಅಲ್ಲ ಅಲ್ದಾ. ಹನ್ನೊಂದ್ ಜನದ್ ಎದ್ರ್ ಹೇಳಿದ್ ಮಾತ್ ಹನ್ನೊಂದ್ ಜನದ್ ಎದ್ರೇ ಹಿಂದೆ ತಕಣ್ಕ್. ಅದಕ್ ಮುಂಚೆ ಅಲ್ಲಿಪ್ಪ ತಿಗಣಿ ಹೋಯ್ಕ್. ಇಲ್ದಿರೆ ಇವ್ರ್ ಬಂದ್ ಕೂತ್ಕಂಡ್ ಮತ್ತೆ ಕೆರ್ಕಂಬುದಾ?"

"ಎಂತ ಮಾಡಿರೂ ಹೋತಿಲ್ಲ ಜಲಜಕ್ಕ."

ಜಲಜಕ್ಕ ಅವರ ಕೈ ಹಿಡಿದು ಟರ್ಪಾಲಿನ ಮೇಲೆ ಒತ್ತಿದಳು. ಪ್ರೇಮಾನಂದರು ಒಂದು ಮಾರು ಮೇಲೆ ಹಾರಿದರು. ಆ ಅಂಗಳದ ಕಾವು ಎಂಥದೆಂದರೆ, ಬೆಳಿಗ್ಗೆ ಹರಡಿದ ಶೆಟ್ಲಿ ಮಧ್ಯಾಹ್ನಕ್ಕೆ ತಾನೇ ಚಟ್ನಿಯಾಗಿ ಗಂಜಿ ಎಲ್ಲಿ ಎಂದು ಕೇಳುತ್ತಿತ್ತು. "ಇದ್ರ್ ಎದ್ರ್ ನಿಮ್ ತಿಗಣಿ ಎಷ್ಟ್ ಹೊತ್ತ್ ನಿಲ್ತತ್ತ್ ಹೇಳಿ ಕಾಂಬ" ಎಂದಳು.

ಮರುದಿನದಿಂದ ಲೈಬ್ರರಿ ಅಂಗಳಕ್ಕೆ ಬಂತು. ಕಿಟ್ಟನ ರಿಕ್ಷಾದಲ್ಲಿ, ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲಗಳಲ್ಲಿ, ದಾರಿಯಲ್ಲಿ ಒಂದೂ ಉದುರದ ಹಾಗೆ. ಪ್ರೇಮಾನಂದರು ಪುಸ್ತಕಗಳನ್ನು ಅಟ್ಟಿಯಾಗಿ ಪೇರಿಸಹೊರಟಾಗ ಜಲಜಕ್ಕ ಬೈದಳು: "ಮೀನ್ ರಾಶಿ ಹಾಕಿ ಒಣಗ್ಸ್ತ್ರಾ? ನಡುವಿನದ್ ಕೊಳಿತತ್ತ್. ಬಿಡ್ಸಿ ಇಡಿ, ಬೆನ್ನಿಗೆ ಬಿಸ್ಲ್ ಬೀಳ್ಕ್." ಹಾಗೆ ಒಂದೊಂದನ್ನೇ ತೆರೆದು ಬೆನ್ನು ಮೇಲೆ ಮಾಡಿ, ಗುಡಾರದ ಹಾಗೆ ನಿಲ್ಲಿಸಿ, ಮೇಲೆ ಇನ್ನೊಂದು ಕಪ್ಪು ಟರ್ಪಾಲು ಹೊದಿಸಿ, ಗಾಳಿ ಹೋಗದಂತೆ ಸುತ್ತ ಮರಳು ಒತ್ತಿದರು. ದಿನಕ್ಕೆ ಐನೂರು ಪುಸ್ತಕ. ಕುರ್ಚಿಗಳ ಕೀಲುಗಳಿಗೂ ಬೆತ್ತದ ಹೆಣಿಗೆಗೂ ಕೊತಕೊತ ಕುದಿಯುವ ನೀರು. ಗೋಡೆಯ ಬಿರುಕಿಗೆ ಸಿಮೆಂಟು. ಹನ್ನೆರಡು ದಿನ ಬಿಟ್ಟು ಎರಡನೆಯ ಸುತ್ತು, ಉಳಿದ ಮೊಟ್ಟೆ ಒಡೆದು ಬಂದ ಮರಿಗಳಿಗೆಂದು. ಸುಬ್ಬಣ್ಣ ಅಷ್ಟು ದಿನವೂ ಹಿತ್ತಲಿನ ತೆಂಗಿನ ಬುಡದಲ್ಲಿ ಬಲೆ ಬಿಚ್ಚಿಕೊಂಡು ಕೂತಿದ್ದ. ಅಂಗಳದ ತುಂಬ ಅಕ್ಷರ ಬಿದ್ದಿತ್ತು. ಅವನು ಆ ಕಡೆ ಕತ್ತು ತಿರುಗಿಸಲಿಲ್ಲ.

ತಿಗಣೆ ಹೋಯಿತು, ವಾಸನೆ ಬಂತು. ಎರಡು ಸಾವಿರ ಪುಸ್ತಕವೂ ಒಣ ಶೆಟ್ಲಿಯ ಪರಿಮಳ ಹಿಡಿದು ಕಪಾಟಿಗೆ ಮರಳಿದವು. ಪ್ರೇಮಕಾದಂಬರಿ ತೆರೆದರೂ ಅದೇ, ವೇದಾಂತ ತೆರೆದರೂ ಅದೇ. ಅಡುಗೆ ಪುಸ್ತಕ ಒಯ್ದ ಮನೆಗಳಲ್ಲಿ ಬೇರೆ ಪದಾರ್ಥ ಮಾಡುವ ಅಗತ್ಯವೇ ಬೀಳಲಿಲ್ಲ. ಹೆಮ್ಮಾಡಿಯಿಂದ ಸಿದ್ದಾಪುರದವರೆಗಿನ ಬೆಕ್ಕುಗಳೆಲ್ಲ ಬಂದು ಜಗಲಿಯಲ್ಲಿ ಸಾಲಾಗಿ ಕೂತವು; ಅಷ್ಟು ಶಿಸ್ತಿನ ಸದಸ್ಯರನ್ನು ಆ ಲೈಬ್ರರಿ ಹಿಂದೆ ಕಂಡಿರಲಿಲ್ಲ.

ಏಪ್ರಿಲ್ ಹದಿನೇಳಕ್ಕೆ ಬಾಗಿಲು ತೆಗೆದರು. ಫೆಬ್ರವರಿಯ ಆ ಬೆಳಿಗ್ಗೆ ಇದ್ದ ಹನ್ನೊಂದು ಜನರನ್ನೂ ಪ್ರೇಮಾನಂದರು ಮನೆಮನೆಗೆ ಹೋಗಿ ಕರೆದಿದ್ದರು. ಹತ್ತು ಜನ ಬಂದು ಕೂತರು. ಮೂಲೆಯ ಕುರ್ಚಿ ಖಾಲಿ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಪ್ರೇಮಾನಂದರು ನಿಂತೇ ಇದ್ದರು. ಕೊನೆಗೆ ಜಲಜಕ್ಕ ಮುಂದೆ, ಸುಬ್ಬಣ್ಣ ಹಿಂದೆ. ಅವಳು ಒಳಗೆ ಬಂದಳು, ಅವನು ಹೊಸ್ತಿಲ ಹೊರಗೇ ನಿಂತ, ಕೈ ಪಂಚೆಯೊಳಗೆ.

ನಾಲ್ಕು ದಿನದಿಂದ ಬಾಯಿಪಾಠ ಮಾಡಿದ್ದ ಮಾತನ್ನು ಪ್ರೇಮಾನಂದರು ಬದಿಗಿಟ್ಟರು. ನವೆಂಬರಿನ ಆ ಕಲೆಯ ಪೇಪರನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ತಿಗಣಿ ತಂದದ್ದ್ ನಾನ್," ಎಂದರು. "ಸಾಕಿದ್ದೂ ನಾನೇ. ಸುಬ್ಬಣ್ಣ ಅಲ್ಲ. ಈ ಲೈಬ್ರರಿಲಿ ಒಂದಕ್ಷರ ಬಿಡ್ದೆ ಓದ್ದವ್ರ್ ಅವ್ರೊಬ್ರೇ. ಅವ್ರನ್ನೇ ಹೊರ್ಗೆ ಹಾಕಿದೆ. ಸುಬ್ಬಣ್ಣ, ಒಳ್ಗೆ ಬನ್ನಿ. ಬರ್ದಿರೆ ನಾನೂ ಇಲ್ಲಿ ಕೂಕಂಬುದಿಲ್ಲ."

ಸುಬ್ಬಣ್ಣ ಬಹಳ ಹೊತ್ತು ಯೋಚಿಸಿದ. ಅವನು ಏನನ್ನೂ ಬೇಗ ಮುಗಿಸುವವನಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಒಳಗೆ ಬಂದು, ತನ್ನ ಕುರ್ಚಿಯ ಅಡಿಗೆ ಒಮ್ಮೆ ಬಗ್ಗಿ ನೋಡಿ ಕೂತ. ಪ್ರೇಮಾನಂದರು ಆ ದಿನದ ಪೇಪರು ತಂದು ಎರಡೂ ಕೈಯಲ್ಲಿ ಕೊಟ್ಟರು.

"ಇದಲ್ಲ ಮಾಷ್ಟ್ರೆ," ಎಂದ ಸುಬ್ಬಣ್ಣ. "ಫೆಬ್ರವರಿ ಇಪ್ಪತ್ನಾಕರದ್ದ್ ಕೊಡಿ. ಅರ್ಧಕ್ಕೆ ನಿಂತಿತ್."

ಅಂದಿನಿಂದ ಸುಬ್ಬಣ್ಣ ಲೋಕಕ್ಕಿಂತ ಐವತ್ಮೂರು ದಿನ ಹಿಂದೆ ಬಿದ್ದ. ನಡುವಿನದ್ದು ಬಿಟ್ಟು ಓದುವ ಜಾತಿಯಲ್ಲ ಅವನದ್ದು; ದಿನಕ್ಕೆ ಒಂದಕ್ಕಿಂತ ಹೆಚ್ಚು ಓದಿ ಮುಗಿಯುವುದೂ ಇಲ್ಲ. ಹಾಗಾಗಿ ಅವನು ಲೋಕವನ್ನು ಮತ್ತೆಂದೂ ಹಿಡಿಯಲಿಲ್ಲ. ತನ್ನ ಪೇಪರಿನಲ್ಲಿ ಬಾರದ್ದು ಅವನ ಮಟ್ಟಿಗೆ ಇನ್ನೂ ಆಗಿರಲಿಲ್ಲ. ಜೂನ್ ಮಳೆಗೆ ಕೊಡೆ ಹಿಡಿದು ಬಂದು ಕೂತು, ಈ ಸಲ ಬಿಸಿಲು ಜಾಸ್ತಿ ಎಂಬ ಸುದ್ದಿ ಓದಿ ಹೌದೌದು ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ಊರಿನವರು ಮೊದಮೊದಲು ನಕ್ಕರು, ಆಮೇಲೆ ಅವನೆದುರು ಹೊಸ ಸುದ್ದಿ ಹೇಳುವುದನ್ನೇ ಬಿಟ್ಟರು. ಪ್ರೇಮಾನಂದರು ಗುಜರಿಯವನಿಗೆ ಪೇಪರು ಹಾಕುವ ಮುಂಚೆ ತಾರೀಖು ನೋಡಿ ಐವತ್ಮೂರನ್ನು ಬೇರೆ ಕಟ್ಟಿಡುತ್ತಿದ್ದರು. ಶನಿವಾರ ಇಬ್ಬರೂ ಟಾರ್ಚು ಹಿಡಿದು ಕುರ್ಚಿಗಳ ಅಡಿ, ಪುಸ್ತಕಗಳ ಬೆನ್ನು ಪರೀಕ್ಷಿಸುತ್ತಿದ್ದರು. ವಾಪಸು ಬಂದ ಪುಸ್ತಕ ಒಂದು ಹಗಲು ಕಪ್ಪು ಚೀಲದಲ್ಲಿ ಬಿಸಿಲು ಕಾಯದೆ ಕಪಾಟಿಗೆ ಏರುವಂತಿರಲಿಲ್ಲ.

ಎರಡು ಸಾವಿರದ ಹನ್ನೊಂದರ ಏಪ್ರಿಲ್ ಎರಡರ ರಾತ್ರಿ ಇಂಡಿಯಾ ವಿಶ್ವಕಪ್ ಗೆದ್ದಿತು. ಹೊಳೆಬಾಗಿಲಿನಲ್ಲಿ ಪಟಾಕಿ ಹೊಡೆದು ಹೊಳೆಯ ಮೀನುಗಳೆಲ್ಲ ಮರವಂತೆಗೆ ಗುಳೆ ಹೋದವು. "ಎಂತ ಸದ್ದ್?" ಎಂದು ಸುಬ್ಬಣ್ಣ ಕೇಳಿದ. "ಯಾರ್ದೋ ಮದಿ ದಿಬ್ಬಣ" ಎಂದಳು ಜಲಜಕ್ಕ. ಮರುದಿನ ಬೆಳಿಗ್ಗೆಯೇ ಪ್ರೇಮಾನಂದರು ಊರಿಡೀ ಸುತ್ತಿ ಕೈಮುಗಿದು ಬಂದರು. ಐವತ್ಮೂರು ದಿನ ಇಡೀ ಊರು ಕ್ರಿಕೆಟ್ ಎಂಬ ಶಬ್ದ ನುಂಗಿಕೊಂಡು ಓಡಾಡಿತು; ಕಿಟ್ಟ ತಡೆಯಲಾಗದೆ ಬೈಂದೂರಿಗೆ ಹೋಗಿ ಗುರುತಿಲ್ಲದವರ ಹತ್ತಿರ ಮಾತಾಡಿ ಬರುತ್ತಿದ್ದ.

ಮೇ ಇಪ್ಪತ್ತಾರರ ಬೆಳಿಗ್ಗೆ ಪ್ರೇಮಾನಂದರು ಏಪ್ರಿಲ್ ಮೂರರ ಪೇಪರನ್ನು ಮೂಲೆಯ ಕುರ್ಚಿಗೆ ಕೊಟ್ಟು ತಮ್ಮ ಜಾಗಕ್ಕೆ ಬಂದು ರಿಜಿಸ್ಟರು ಬರೆಯುವ ಹಾಗೆ ತಲೆ ಬಗ್ಗಿಸಿದರು. ಸುಬ್ಬಣ್ಣ ಕನ್ನಡಕ ಒರೆಸಿದ. ಪೇಪರಿನ ಹೆಸರು ಓದಿದ, ಬೆಲೆ ಓದಿದ, ಪುಟಗಳ ಸಂಖ್ಯೆ ಓದಿದ. ಬೆರಳು ತಲೆಬರಹಕ್ಕೆ ಬಂತು. ತುಟಿ ಒಮ್ಮೆ ಅಲ್ಲಾಡಿ ನಿಂತಿತು.

"ಮಾಷ್ಟ್ರೆ!" ಎಂದು ಎಪ್ಪತ್ತು ದಾಟಿದ ಸುಬ್ಬಣ್ಣ ಕುರ್ಚಿಯಿಂದ ಎದ್ದು ನಿಂತ. "ಮಾಷ್ಟ್ರೆ, ನಾವ್ ಗೆದ್ದಿತ್!"

"ಹೌದಾ!" ಎಂದು ಪ್ರೇಮಾನಂದರು ಪೆನ್ನು ಎಸೆದು ಹಾರಿದರು. "ಎಲ್ಲಿ, ಎಷ್ಟ್ ರನ್ನಿಗೆ? ಓದಿ, ಓದಿ, ಗಟ್ಟಿಯಾಗ್ ಓದಿ!"